ಇದ್ದಿಲಿನಲ್ಲಿ ಎದೆ, ಸೊಂಟ, ಬೆನ್ನು: ಹಾಸನದಲ್ಲಿ ನಾನು ಕಲಿತ ಬಗೆ

ಮುಖ ಚೆನ್ನಾಗಿ ಬಿಡಿಸುವವರು ನಮ್ಮ ಕಡೆ ಬೇಕಾದಷ್ಟು ಜನ ಇದ್ದಾರೆ. ಕತ್ತಿನಿಂದ ಕೆಳಗೆ ಇಳಿದಾಗ ಕೈ ನಿಲ್ಲುತ್ತದೆ. ಮುಖದಲ್ಲಿ ಕಣ್ಣು, ಮೂಗು, ಬಾಯಿ ಅಂತ ಹಿಡಿದುಕೊಳ್ಳೋಕೆ ಗುರುತುಗಳಿವೆ. ಮುಂಡದಲ್ಲಿ ಏನಿದೆ? ಒಂದು ಹೊಕ್ಕುಳು, ಎರಡು ಮೊಲೆತೊಟ್ಟು, ಉಳಿದದ್ದೆಲ್ಲ ಬಯಲು. ಆ ಬಯಲನ್ನು ಓದೋಕೆ ನಾನು ಹೇಗೆ ಕಲಿತೆ ಅನ್ನೋದನ್ನು ಇಲ್ಲಿ ಬರೆಯುತ್ತಿದ್ದೇನೆ.

ದೊಡ್ಡ ಊರುಗಳ ಕಲಾಶಾಲೆಗಳಲ್ಲಿ ಮಾಡೆಲ್ ಕೂರಿಸಿ ಕಲಿಸುತ್ತಾರೆ. ನನಗೆ ಹಾಸನದಲ್ಲಿ ಆ ಅನುಕೂಲ ಇರಲಿಲ್ಲ. ಆದರೆ ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಮೂರೂ ಬಸ್ಸಿನಲ್ಲಿ ಹೋಗಿ ಸಂಜೆ ವಾಪಸ್ ಬರುವಷ್ಟು ಹತ್ತಿರ. ಮನೆಯಲ್ಲಿ ತಮ್ಮ ಇದ್ದ. ಕಲ್ಲು ಮತ್ತು ತಮ್ಮ, ಇವೇ ನನ್ನ ಶಾಲೆ.

ಮೊದಲು ಅಳತೆ. ಗದ್ದದಿಂದ ಮೊಲೆತೊಟ್ಟಿನ ಮಟ್ಟಕ್ಕೆ ಒಂದು ತಲೆಯಷ್ಟು, ಅಲ್ಲಿಂದ ಹೊಕ್ಕುಳಿಗೆ ಇನ್ನೊಂದು, ಹೊಕ್ಕುಳಿಂದ ತೊಡೆಸಂದಿಗೆ ಮತ್ತೊಂದು. ನಮ್ಮ ಶಿಲ್ಪಿಗಳು ಮೂರ್ತಿಯ ಅಳತೆಗೆ ಬಳಸುವ ತಾಳಮಾನದ ಲೆಕ್ಕವೂ ಇದಕ್ಕೆ ಹತ್ತಿರವೇ. ಕತ್ತಿನ ಬುಡದಿಂದ ಎದೆಗೆ, ಎದೆಯಿಂದ ಹೊಕ್ಕುಳಿಗೆ, ಅಲ್ಲಿಂದ ಕೆಳಕ್ಕೆ ಒಂದೊಂದು ತಾಳ. ಅವರ ತಾಳ ಅಂದರೆ ಮುಖದ ಅಳತೆ, ಇದು ಪೂರ್ತಿ ತಲೆಯ ಅಳತೆ, ಅಷ್ಟೇ ವ್ಯತ್ಯಾಸ.

ಆಮೇಲೆ ಮೂಳೆ. ಇದನ್ನು ಪುಸ್ತಕಕ್ಕಿಂತ ಜಾಸ್ತಿ ನನ್ನ ಮೈ ಮುಟ್ಟಿಕೊಂಡೇ ಕಲಿತೆ. ಪಕ್ಕೆಲುಬು 12 ಜೊತೆ. ಮೇಲಿನ 7 ಜೊತೆ ನೇರವಾಗಿ ಎದೆಮೂಳೆಗೆ ಸೇರುತ್ತವೆ. ಮುಂದಿನ 3 ಜೊತೆ ತಮ್ಮ ಮೇಲಿನದಕ್ಕೆ ಅಂಟಿಕೊಳ್ಳುತ್ತವೆ. ಕೊನೆಯ 2 ಜೊತೆಯ ಮುಂದಿನ ತುದಿ ಎಲ್ಲಿಗೂ ಸೇರಲ್ಲ. ಅದಕ್ಕೇ ಎದೆಮೂಳೆಯ ಕೆಳಗೆ ಒಂದು ಕಮಾನು ಆಗುತ್ತದೆ. ಉಸಿರು ಎಳೆದು ಹೊಟ್ಟೆ ಒಳಗೆ ತಗೊಂಡರೆ ಅದು ಎದ್ದು ಕಾಣುತ್ತದೆ. ಕೆಳಗೆ, ಪಂಚೆ ಕಟ್ಟುವ ಜಾಗದಲ್ಲಿ, ಸೊಂಟದ ಮೂಳೆಯ ಎರಡು ಮೊನೆಗಳು ಕೈಗೆ ಸಿಗುತ್ತವೆ. ಮೇಲೆ ಒಂದು ಗಟ್ಟಿ ಗೂಡು, ಕೆಳಗೆ ಒಂದು ಗಟ್ಟಿ ಬೋಗುಣಿ, ನಡುವೆ ಬೆನ್ನುಮೂಳೆ ಬಿಟ್ಟರೆ ಬರೀ ಮೆತ್ತಗಿನ ಭಾಗ. ಪಕ್ಕಕ್ಕೆ ಬಾಗಿದರೆ ಆ ಮೆತ್ತಗಿನ ಭಾಗ ಒಂದು ಕಡೆ ಮಡಿಕೆ ಬೀಳುತ್ತದೆ, ಇನ್ನೊಂದು ಕಡೆ ಎಳೆಯುತ್ತದೆ. ಗೂಡು, ಬೋಗುಣಿ ಎರಡೂ ಯಾವ ಕಡೆ ವಾಲಿವೆ ಅನ್ನೋದು ಸಿಕ್ಕಿದರೆ ಅರ್ಧ ಚಿತ್ರ ಆದ ಹಾಗೆ.

ಈ ವಾಲುವಿಕೆಯನ್ನು ನನಗೆ ಕಲಿಸಿದ್ದು ಬೇಲೂರು. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ದೇವಸ್ಥಾನದ ಸೂರಿನ ಕೆಳಗೆ ಮದನಿಕೆಯರು ನಿಂತಿದ್ದಾರಲ್ಲ, ಅವರಲ್ಲಿ ಹೆಚ್ಚಿನವರು ತ್ರಿಭಂಗಿಯಲ್ಲಿದ್ದಾರೆ, ಅಂದರೆ ಮೈ ಮೂರು ಕಡೆ ಬಾಗಿದ ಭಂಗಿ. ಭಾರ ಹೊತ್ತ ಕಾಲಿನ ಕಡೆ ಸೊಂಟ ಮೇಲೇಳುತ್ತದೆ, ಅದೇ ಕಡೆಯ ಭುಜ ಕೆಳಗಿಳಿಯುತ್ತದೆ. ಎರಡು ಓರೆ ಗೆರೆಗಳು ಎದುರುಬದುರು. ತಮ್ಮನನ್ನು ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಲ್ಲಿಸಿ ನೋಡಿದೆ, ಅಲ್ಲೂ ಹಾಗೇ. ಕತ್ತಿನ ಗುಳಿಯಿಂದ ನೇರ ಕೆಳಕ್ಕೆ ದಾರ ಬಿಟ್ಟರೆ ಭಾರ ಹೊತ್ತ ಪಾದದ ಹತ್ತಿರಕ್ಕೇ ಬರುತ್ತದೆ. ಬರಲಿಲ್ಲ ಅಂದರೆ ಹಾಳೆಯ ಮೇಲಿನ ಮನುಷ್ಯ ಬೀಳುತ್ತಿದ್ದಾನೆ ಅಂತ ಅರ್ಥ.

ಇನ್ನೊಂದು ವಿಷಯ ಇದೆ. ನನಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಇದೇ. ಹೊಯ್ಸಳರ ಶಿಲ್ಪದ ಮೈತುಂಬ ಒಡವೆ. ಅಷ್ಟೊಂದು ಒಡವೆ ಮೈಯನ್ನು ಮುಚ್ಚಿಬಿಡುತ್ತದೆ ಅಂತ ಅನ್ನಿಸುತ್ತದೆ, ಅಲ್ವಾ? ಹಳೇಬೀಡಿನ ಗೋಡೆಯ ಮುಂದೆ ಕೂತು ಒಂದೊಂದೇ ಹಾರವನ್ನು ಪೆನ್ಸಿಲ್‌ನಲ್ಲಿ ಹಿಂಬಾಲಿಸಿದಾಗ ಗೊತ್ತಾಯಿತು, ಒಡವೆ ಮೈಯನ್ನು ತೋರಿಸುತ್ತಿದೆ. ಹಾರ ಎದೆಯ ಉಬ್ಬಿನ ಮೇಲೆ ಹತ್ತಿ ಇಳಿಯುತ್ತದೆ. ಡಾಬು ಸೊಂಟವನ್ನು ಬಳಸಿಕೊಂಡು ಹಿಂದಕ್ಕೆ ಹೋಗುತ್ತದೆ. ಅದರ ಬಾಗು ನೋಡಿದರೆ ಸೊಂಟ ಎಷ್ಟು ದುಂಡಗಿದೆ, ಯಾವ ಕಡೆ ವಾಲಿದೆ ಎರಡೂ ತಿಳಿಯುತ್ತದೆ. ಶ್ರವಣಬೆಳಗೊಳದ 57 ಅಡಿಯ ಗೊಮ್ಮಟನಿಗೆ ಒಡವೆ ಇಲ್ಲ. ಅಲ್ಲಿ ಕಾಲಿಗೂ ತೋಳಿಗೂ ಸುತ್ತಿದ ಬಳ್ಳಿ ಅದೇ ಕೆಲಸ ಮಾಡುತ್ತದೆ. ಆಮೇಲೆ ಬರಿ ಮೈಯ ಚಿತ್ರ ಮಾಡುವಾಗಲೂ ಮೊದಲು ತೆಳುವಾಗಿ ಒಂದು ಹಾರ, ಒಂದು ಡಾಬು ಹಾಕಿಕೊಳ್ಳುವ ರೂಢಿ ಮಾಡಿಕೊಂಡೆ. ಕೊನೆಗೆ ಒರೆಸಿಬಿಡುತ್ತೇನೆ.

ಬೆಳಕಿಗೆ ಹಳೇಬೀಡಿನ ಪಶ್ಚಿಮದ ಗೋಡೆ ಸಂಜೆ ಹೊತ್ತು ಚೆಂದ. ಗೊಮ್ಮಟ ಉತ್ತರಕ್ಕೆ ಮುಖ ಮಾಡಿ ನಿಂತಿರುವುದರಿಂದ ಬೆಳಿಗ್ಗೆ ಒಂದು ಪಕ್ಕದಿಂದ, ಸಂಜೆ ಇನ್ನೊಂದು ಪಕ್ಕದಿಂದ ಬಿಸಿಲು ಬೀಳುತ್ತದೆ. ಎದೆ ಬೆಳಕು-ನೆರಳಾಗಿ ಎರಡು ಭಾಗ ಆಗುತ್ತದೆ. ಅಲ್ಲೆಲ್ಲ ನಾನು ಪೆನ್ಸಿಲ್ ಮಾತ್ರ ಒಯ್ಯುತ್ತಿದ್ದೆ. ಅಂಥ ಜಾಗದಲ್ಲಿ ಇದ್ದಿಲ ಪುಡಿ ಉದುರಿಸಬಾರದು.

ಇದ್ದಿಲ ಕೆಲಸ ಮನೆಯಲ್ಲಿ, ಒಂದೇ ಕಿಟಕಿಯ ಬೆಳಕಿನಲ್ಲಿ. ತಮ್ಮ ಬನಿಯನ್ ತೆಗೆದು ನಿಲ್ಲುತ್ತಿದ್ದ. "ಅಣ್ಣಾ, ಕಾಲು ಜೋಮು ಹಿಡೀತು." "ಸರಿ, ಕೂತ್ಕೊ. ಪಾದದ ಸುತ್ತ ಸೀಮೆಸುಣ್ಣದಲ್ಲಿ ಗುರುತು ಹಾಕ್ತೀನಿ, ಮತ್ತೆ ಅಲ್ಲೇ ನಿಲ್ಲು." ಈ ಸೀಮೆಸುಣ್ಣದ ಗುರುತನ್ನು ಮಾತ್ರ ಮರೆಯಬೇಡಿ. ಅದಿಲ್ಲದಿದ್ದರೆ ಭಂಗಿ ಮತ್ತೆ ಸಿಗಲ್ಲ.

ಕಡ್ಡಿ ಚಾರ್ಕೋಲನ್ನು ಒಂದಿಂಚು ಮುರಿದು, ಅಡ್ಡ ಹಿಡಿದು, ಕಣ್ಣು ಕಿರಿದು ಮಾಡಿ ನೆರಳಿನ ಭಾಗ ಪೂರ್ತಿ ಒಂದೇ ಬಣ್ಣಕ್ಕೆ ತುಂಬುತ್ತೇನೆ. ಈ ಹಂತದಲ್ಲಿ ಹೊಕ್ಕುಳು, ಸ್ನಾಯು ಏನೂ ಬೇಡ. ಬೆಳಕು ಒಂದು, ನೆರಳು ಒಂದು. ಇದು ಸರಿಯಾಗಿ ಕೂತರೆ ದೂರದಿಂದಲೇ ಮನುಷ್ಯನ ಮೈ ಅನ್ನಿಸುತ್ತದೆ. ಆಮೇಲೆ ಹತ್ತಿ ಬಟ್ಟೆಯಿಂದ ಮೆಲ್ಲಗೆ ಒತ್ತಿ, ಹಿಟ್ಟಿನ ಹಾಗೆ ನಾದಬಹುದಾದ ನೀಡಬಲ್ ರಬ್ಬರನ್ನು ಚೂಪು ಮಾಡಿ ಬೆಳಕನ್ನು ಎತ್ತುತ್ತೇನೆ. ಬೆರಳಲ್ಲಿ ಉಜ್ಜಲ್ಲ. ಕೈಯ ಎಣ್ಣೆ ಅಂಟಿದ ಕಡೆ ಕಲೆ ನಿಲ್ಲುತ್ತದೆ. ನೆರಳಿನೊಳಗೆ ಗೋಡೆಯಿಂದ ಬಂದ ಮಂದ ಬೆಳಕು ಕಾಣುತ್ತದೆ. ಅದನ್ನು ಎಷ್ಟೇ ಎತ್ತಿದರೂ ಬೆಳಕಿನ ಕಡೆಗಿಂತ ಕಪ್ಪಾಗಿಯೇ ಇಡಬೇಕು. ಕಂಪ್ರೆಸ್ಡ್ ಚಾರ್ಕೋಲ್, ಅಂದರೆ ಪುಡಿಯನ್ನು ಒತ್ತಿ ಮಾಡಿದ ಗಟ್ಟಿ ಇದ್ದಿಲು, ಕೊನೆಗೆ ಮಾತ್ರ, ಕಂಕುಳು, ಮಡಿಕೆಯ ಆಳದಂಥ ಕಡೆ. ಅದು ಅಷ್ಟು ಸುಲಭಕ್ಕೆ ಅಳಿಸಲ್ಲ.

ಕಲ್ಲು ಕಲಿಸದ್ದನ್ನು ತಮ್ಮನ ಮೈ ಕಲಿಸಿದ್ದು ಇಲ್ಲೇ. ಗೊಮ್ಮಟನ ಎದೆಯಲ್ಲಿ ಪಕ್ಕೆಲುಬು ಕಾಣಲ್ಲ, ಮದನಿಕೆಯ ಹೊಟ್ಟೆಯಲ್ಲಿ ಸ್ನಾಯುವಿನ ಗಂಟಿಲ್ಲ. ಉಸಿರು ತುಂಬಿದ ನುಣ್ಣನೆ ಮೈ ಅದು, ನನಗೆ ತುಂಬಾ ಇಷ್ಟ. ಜೀವಂತ ಮೈಯಲ್ಲಿ ಮೂಳೆ ಚರ್ಮಕ್ಕೆ ಹತ್ತಿರ ಬಂದ ಕಡೆ ನೆರಳಿನ ಅಂಚು ಚುರುಕಾಗಿರುತ್ತದೆ. ಕಾಲರ್ ಬೋನ್, ಪಕ್ಕೆಲುಬಿನ ಕಮಾನು, ಸೊಂಟದ ಮೊನೆ ನೋಡಿ. ಹೊಟ್ಟೆಯ ಮೇಲೆ ಅದೇ ಅಂಚು ಕರಗಿಹೋಗುತ್ತದೆ. ಚುರುಕು ಅಂಚಿಗೆ ಕಡ್ಡಿಯ ತುದಿ, ಕರಗುವ ಅಂಚಿಗೆ ಬಟ್ಟೆ. ಎಲ್ಲ ಕಡೆ ಒಂದೇ ಸಮ ಉಜ್ಜಿದ ಚಿತ್ರದಲ್ಲಿ ಮೂಳೆ ಇರಲ್ಲ.

ಮಳೆಗಾಲದಲ್ಲಿ ಹಾಳೆ ಥಂಡಿ ಹಿಡಿದರೆ ಇದ್ದಿಲು ಸಮನಾಗಿ ಕೂರಲ್ಲ. ಹಾಳೆಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಇಡುತ್ತೇನೆ. ಅಭ್ಯಾಸಕ್ಕೆ ನ್ಯೂಸ್‌ಪ್ರಿಂಟ್ ಸಾಕು, ಇಟ್ಟುಕೊಳ್ಳುವ ಚಿತ್ರಕ್ಕೆ ತುಸು ಒರಟಾದ ಕಾರ್ಟ್ರಿಡ್ಜ್ ಹಾಳೆ. ಇದ್ದಿಲು ಉದುರದ ಹಾಗೆ ಹಿಡಿದಿಡುವ ಸ್ಪ್ರೇ, ಫಿಕ್ಸೆಟಿವನ್ನು ದೂರದಿಂದ ತೆಳುವಾಗಿ ಹೊಡೆಯಿರಿ.

ಈಗ ಬೆನ್ನು ಶುರು ಮಾಡಿದ್ದೇನೆ. ಹೆಗಲ ಹಲಗೆ ಪಕ್ಕೆಲುಬಿಗೆ ಮೂಳೆಯಿಂದ ಸೇರಿಕೊಂಡಿಲ್ಲ, ಅದರ ಮೇಲೆ ಜಾರುತ್ತದೆ. ಕೈ ಎತ್ತಿದರೆ ಅದರ ಕೆಳಗಿನ ಮೊನೆ ಪಕ್ಕಕ್ಕೆ ತಿರುಗಿ ಹೋಗುತ್ತದೆ. ತಮ್ಮ ಕೈ ಸ್ವಲ್ಪ ಸ್ವಲ್ಪವೇ ಎತ್ತುತ್ತಾನೆ, ನಾನು ಪ್ರತಿಸಲವೂ ಆ ಮೊನೆ ಎಲ್ಲಿಗೆ ಬಂತು ಅಂತ ಒಂದೇ ಹಾಳೆಯಲ್ಲಿ ಗುರುತು ಹಾಕುತ್ತೇನೆ.