ರಾಟವಾಳ ಗುರುತಿಸಲು ಮೊದಲು ಬೆನ್ನು ನೋಡಿ

ಹುಲ್ಲಿನ ಕಾಳು ತಿನ್ನುವ ಪುಟ್ಟ ಹಕ್ಕಿ ಚುಕ್ಕೆ ರಾಟವಾಳವನ್ನು ಎದೆಯ ಚುಕ್ಕೆಯಿಂದಲೇ ಗುರುತಿಸಲು ಹೊರಟರೆ ಮಳೆಗಾಲದ ಕೊನೆಗೆ ಖಂಡಿತ ಎಡವುತ್ತೀರಿ. ಆಗ ಗುಂಪಿನಲ್ಲಿ ಆ ವರ್ಷದ ಮರಿಗಳೂ ಬೆರೆತಿರುತ್ತವೆ. ಅವುಗಳ ಎದೆಯಲ್ಲಿ ಚುಕ್ಕೆಯೇ ಇರುವುದಿಲ್ಲ, ಮೈಯೆಲ್ಲ ಬರೀ ಮಾಸಲು ಕಂದು. ಹಾಗಾಗಿ ನಾನು ಮೊದಲು ನೋಡುವುದು ಬೆನ್ನು. ಹೆಣ್ಣು ಗುಬ್ಬಿ, ಹೆಣ್ಣು ಗೀಜಗ ಎರಡಕ್ಕೂ ಬೆನ್ನ ಮೇಲೆ ಕಪ್ಪು ಗೀರುಗಳಿವೆ, ಕಣ್ಣಿನ ಮೇಲೆ ತಿಳಿ ಹುಬ್ಬಿದೆ. ಚುಕ್ಕೆ ರಾಟವಾಳಕ್ಕೆ ಹುಬ್ಬಿಲ್ಲ, ಬೆನ್ನಿಗೆ ಗೀರೂ ಇಲ್ಲ. ಬಲಿತ ಹಕ್ಕಿಯಾದರೆ ಮುಖ, ಗಂಟಲು ಕಡುಗಂದು, ಕೊಕ್ಕು ದಪ್ಪ, ಎದೆಯಿಂದ ಪಕ್ಕೆಯವರೆಗೆ ಮೀನಿನ ಹುರುಪೆಯಂಥ ಕಪ್ಪು-ಬಿಳಿ ಹೆಣಿಗೆ. ಉದ್ದ 11-12 ಸೆಂ.ಮೀ. ಗಂಡು-ಹೆಣ್ಣು ನೋಡಲು ಒಂದೇ.

ಮೂಡಿಗೆರೆ ಕಡೆಯ ಕಾಫಿ ತೋಟಗಳಲ್ಲಿ ಹಾರುವಾಗಲೂ ನೋಡಬೇಕು. ಬಾಲದ ಬುಡದಲ್ಲಿ ಬೆಳ್ಳನೆ ಪಟ್ಟಿ ಮಿಂಚಿದರೆ, ಎದೆ ಕಡುಗಂದಾಗಿ ಹೊಟ್ಟೆ ಬೆಳ್ಳಗಿದ್ದರೆ, ಅದು ಬೇರೆ ಜಾತಿಯ ರಾಟವಾಳ. ಅರಸೀಕೆರೆ, ಕಡೂರಿನ ಒಣ ಬಯಲಲ್ಲಿ ತಿಳಿ ಮೈಬಣ್ಣ, ಬೂದು ಕೊಕ್ಕು, ಉದ್ದನೆಯ ಚೂಪು ಕರಿಬಾಲದ ಮತ್ತೊಂದಿದೆ. ಗೀಜಗ ಬಿಟ್ಟುಹೋದ ಹಳೆ ಗೂಡನ್ನೂ ಅದು ಬಳಸಿಕೊಳ್ಳುತ್ತದೆ.

ಚುಕ್ಕೆ ರಾಟವಾಳದ ಗಂಡಿನ ಹಾಡು ಕೇಳಬೇಕೆಂದರೆ ತೀರಾ ಹತ್ತಿರವಿರಬೇಕು. ನೆಟ್ಟಗೆ ಕೂತು, ಗರಿ ಉಬ್ಬಿಸಿ ಕೊಕ್ಕಾಡಿಸುತ್ತಿರುತ್ತದೆ, ಸ್ವಲ್ಪ ದೂರದಲ್ಲಿದ್ದವರಿಗೆ ಏನೂ ಕೇಳಿಸುವುದಿಲ್ಲ. ನನಗೆ ಈ ಹಕ್ಕಿಯಲ್ಲಿ ಅತಿ ಇಷ್ಟವಾದದ್ದು ಅದೇ.

ಮಳೆ ಹಿಡಿದ ಮೇಲೆ ತನಗಿಂತ ಉದ್ದದ ಹುಲ್ಲಿನೆಳೆ ಕಚ್ಚಿಕೊಂಡು ಹಾರುವುದು ಕಂಡರೆ ಹತ್ತಿರದಲ್ಲೇ ಗೂಡಿದೆ ಎಂದರ್ಥ. ನಿಂಬೆಯಂಥ ದಟ್ಟ ಗಿಡದೊಳಗೆ ಉಂಡೆಯಾಕಾರದ, ಪಕ್ಕದಲ್ಲಿ ಬಾಗಿಲಿರುವ ಹುಲ್ಲುಗೂಡು. ಗಂಡು-ಹೆಣ್ಣು ಎರಡೂ ಸೇರಿ ಕಟ್ಟುತ್ತವೆ, ಎರಡೂ ಕಾವು ಕೊಡುತ್ತವೆ. ಸಾಮಾನ್ಯವಾಗಿ 4ರಿಂದ 6 ಬಿಳಿ ಮೊಟ್ಟೆ. ಕೊಂಬೆ ಸರಿಸಿ ಫೋಟೋ ತೆಗೆಯಲು ಹೋಗಬೇಡಿ: ಮರೆ ಹೋದ ಗೂಡು ಕಾಗೆಯ ಕಣ್ಣಿಗೆ ಬೀಳುತ್ತದೆ, ಹಕ್ಕಿಗಳೂ ಗೂಡು ಬಿಟ್ಟುಬಿಡಬಹುದು.

ಈ ಹಕ್ಕಿಗಳನ್ನು ಕರೆಯಲು ತಟ್ಟೆಯಲ್ಲಿ ಕಾಳು ಹಾಕುವುದಕ್ಕಿಂತ ಹಿತ್ತಿಲ ಒಂದು ಮೂಲೆಯ ಹುಲ್ಲನ್ನು ತೆನೆಯಾಗಲು ಬಿಡುವುದು ಒಳ್ಳೆಯದು. ತೆನೆ ಹಾಲುಗಾಳಾಗಿರುವಾಗಲೇ ಬರುತ್ತವೆ. ಕಾಳು ಉದುರುವ ಮೊದಲೇ ಕತ್ತಿ ಹಾಕಿದರೆ ಬರುವುದಿಲ್ಲ. ಕಾಳು ಇಡಲೇಬೇಕೆಂದರೆ ನವಣೆ ಅಥವಾ ಸಾಮೆ, ಒಂದು ಹಿಡಿ, ಅದೂ ಬೇಸಿಗೆಯಲ್ಲಿ ಮಾತ್ರ. ಮಲೆನಾಡಿನ ಮಳೆಯಲ್ಲಿ ಕಾಳು ಬೇಗ ಬೂಷ್ಟು ಹಿಡಿಯುತ್ತದೆ, ಬೂಷ್ಟು ತಿಂದ ಹಕ್ಕಿಗೆ ಕಾಯಿಲೆ ಬರುತ್ತದೆ. ನೀರಿನ ಮಣ್ಣಿನ ತಟ್ಟೆ ಒಂದು ಅಂಗುಲಕ್ಕಿಂತ ಆಳವಿರದಿರಲಿ, ದಿನವೂ ಉಜ್ಜಿ ತೊಳೆಯಿರಿ. ಸಂತೆಯಲ್ಲಿ ಪಂಜರದಲ್ಲಿಟ್ಟು ಮಾರಿದರೆ ಕೊಳ್ಳಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಇವನ್ನು ಹಿಡಿಯುವುದು, ಮಾರುವುದು ಅಪರಾಧ.