ಕ್ಲಚ್ಚೋ, ಗೇರ್ ಬಾಕ್ಸೋ? ಬಿಚ್ಚಿಸುವ ಮುಂಚೆ ನೀವೇ ನೋಡಿಕೊಳ್ಳಿ

ಧರ್ಮಸ್ಥಳದಿಂದ ವಾಪಸ್ ಬರುತ್ತಾ ಚಾರ್ಮಾಡಿ ಘಾಟಿ ಹತ್ತುತ್ತಿದ್ದೆವು. ಕಾರಿನಲ್ಲಿ ಐದು ಜನ, ಡಿಕ್ಕಿ ತುಂಬ ಸಾಮಾನು. ಎರಡನೇ ಗೇರ್‌ನಲ್ಲಿ ಆಕ್ಸಿಲರೇಟರ್ ಒತ್ತಿದರೆ ಇಂಜಿನ್ ಅರಚುತ್ತದೆ, ಆರ್‌ಪಿಎಂ ಮುಳ್ಳು 4,000 ದಾಟುತ್ತದೆ, ಗಾಡಿ ಮಾತ್ರ ಮುಂದಕ್ಕೆ ಹೋಗಲೊಲ್ಲದು. ಹಿಂದಿನ ಸೀಟಿನಿಂದ ಅಮ್ಮ "ಏನೋ ಸೀದ ವಾಸನೆ ಬರ್ತಿದೆಯಲ್ಲೋ" ಅಂದರು. "ಮುಂದೆ ಟೆಂಪೋ ಇದೆಯಲ್ಲಮ್ಮ, ಅದರ ಬ್ರೇಕ್ ವಾಸನೆ" ಅಂದೆ. ಘಾಟಿ ಹತ್ತುವ ಟೆಂಪೋ ಯಾಕೆ ಬ್ರೇಕ್ ಹಿಡಿಯುತ್ತೆ ಅಂತ ಆಗ ತಲೆಗೆ ಹೊಳೆಯಲೇ ಇಲ್ಲ.

ಊರಿಗೆ ಬಂದ ಮೇಲೆ ಒಂದು ಗ್ಯಾರೇಜಿನಲ್ಲಿ "ಗೇರ್ ಬಾಕ್ಸ್ ಹೋಗಿದೆ ಸಾರ್" ಅಂದರು. ಇನ್ನೊಂದು ಕಡೆ ತೋರಿಸಿದರೆ ಹೋಗಿದ್ದು ಕ್ಲಚ್ ಪ್ಲೇಟ್, ಅಂದರೆ ಇಂಜಿನ್ ಶಕ್ತಿಯನ್ನು ಗೇರ್ ಬಾಕ್ಸಿಗೆ ದಾಟಿಸುವ ಬಿಲ್ಲೆ! ಎರಡರ ಖರ್ಚಿಗೂ ಎಷ್ಟು ವ್ಯತ್ಯಾಸ ಅಂತ ಹೇಳಬೇಕಾಗಿಲ್ಲ ಅಲ್ವಾ? ಹಾಗಾಗಿ ಮ್ಯಾನುಯಲ್ ಗಾಡಿ ಇದ್ದವರು ಗ್ಯಾರೇಜಿಗೆ ಹೋಗುವ ಮುಂಚೆ ಇಷ್ಟು ನೋಡಿಕೊಳ್ಳಿ.

ಮೊದಲನೆಯದು ಸ್ಲಿಪ್. ಇಂಜಿನ್ ಸ್ಪೀಡ್ ಏರುತ್ತದೆ, ಗಾಡಿ ಸ್ಪೀಡ್ ಏರುವುದಿಲ್ಲ. ಇದು ಮೊದಲು ಗೊತ್ತಾಗುವುದು ಏರಿನಲ್ಲಿ, ಓವರ್‌ಟೇಕ್ ಮಾಡುವಾಗ, ಗಾಡಿ ತುಂಬ ಜನ ಇದ್ದಾಗ. ಅನುಮಾನ ಬಂದರೆ, ಮುಂದೆ ಹಿಂದೆ ಯಾರೂ ಇಲ್ಲದ ಸಮತಟ್ಟು ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಗಟ್ಟಿಯಾಗಿ ಎಳೆದು, ಮೂರನೇ ಗೇರ್ ಹಾಕಿ, ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ಕ್ಲಚ್ ನಿಧಾನವಾಗಿ ಬಿಡಿ. ಇಂಜಿನ್ ಕೂಡಲೇ ಆಫ್ ಆದರೆ ಪ್ಲೇಟ್ ಇನ್ನೂ ಹಿಡಿಯುತ್ತಿದೆ. ಕಾಲು ಪೂರ್ತಿ ತೆಗೆದರೂ ಇಂಜಿನ್ ಓಡುತ್ತಲೇ ಇದ್ದರೆ ಪ್ಲೇಟ್ ಕಥೆ ಮುಗಿದಿದೆ. ಒಂದೇ ಸಲ ಸಾಕು, ಪದೇ ಪದೇ ಮಾಡಿ ಇದ್ದಬದ್ದ ಪ್ಲೇಟನ್ನೂ ಸುಡಬೇಡಿ.

ಗೇರ್ ಬೀಳುತ್ತಿಲ್ಲ ಅನ್ನುವುದು ಇನ್ನೊಂದು ದೂರು. ಇಂಜಿನ್ ಆಫ್ ಮಾಡಿ ಎಲ್ಲ ಗೇರ್ ಹಾಕಿ ನೋಡಿ. ಆಫ್ ಇದ್ದಾಗ ಸಲೀಸಾಗಿ ಬಿದ್ದು, ಸ್ಟಾರ್ಟ್ ಮಾಡಿದಾಗ ಎಲ್ಲ ಗೇರೂ ಬಿಗಿಯಾದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ ಅಂತ ಅರ್ಥ. ಕೇಬಲ್ ಇರಬಹುದು, ಹೈಡ್ರಾಲಿಕ್ ಕ್ಲಚ್ ಆದರೆ ಆಯಿಲ್ ಲೀಕ್ ಇರಬಹುದು. ಪೆಡಲ್ ಒತ್ತಿದಾಗ ಸುಮ್ನೆ ಕೆಳಗೆ ಕುಸಿದರೆ ಲೀಕ್ ಅನುಮಾನವೇ ಜಾಸ್ತಿ. ತುಂಬ ಗಾಡಿಗಳಲ್ಲಿ ಬ್ರೇಕ್‌ಗೂ ಕ್ಲಚ್‌ಗೂ ಒಂದೇ ಡಬ್ಬಿಯಿಂದ ಆಯಿಲ್ ಹೋಗುವುದರಿಂದ ಇದನ್ನು ನಾಳೆಗೆ ಅಂತ ಬಿಡಬೇಡಿ. ಆದರೆ ಒಂದೇ ಒಂದು ಗೇರ್, ಅದರಲ್ಲೂ ಎರಡನೆಯದು, ಹಾಕುವಾಗಲೆಲ್ಲ 'ಕರ್ರ್' ಅಂದರೆ ಅದು ಗೇರ್ ಬಾಕ್ಸ್ ಒಳಗಿನ ಸಿಂಕ್ರೊನೈಸರ್ ರಿಂಗ್ (ಗೇರ್ ಬೀಳುವ ಮುಂಚೆ ಎರಡು ಕಡೆಯ ಸ್ಪೀಡನ್ನೂ ಸಮ ಮಾಡುವ ಬಳೆ) ಸವೆದ ಲಕ್ಷಣ. ಹಾಕಿದ ಗೇರ್ ತಾನಾಗಿಯೇ ನ್ಯೂಟ್ರಲ್‌ಗೆ ಜಾರುವುದೂ ಹೆಚ್ಚಾಗಿ ಒಳಗಿನ ತೊಂದರೆಯೇ. ರಿವರ್ಸ್ ಹಾಕುವಾಗ ಯಾವತ್ತೋ ಒಂದು ಸಲ ಕರ್ರ್ ಅಂದರೆ ಗಾಬರಿ ಬೇಡ, ಎಷ್ಟೋ ಗಾಡಿಗಳಲ್ಲಿ ರಿವರ್ಸ್‌ಗೆ ಆ ರಿಂಗೇ ಇರುವುದಿಲ್ಲ. ಗಾಡಿ ಪೂರ್ತಿ ನಿಲ್ಲಿಸಿ, ಕ್ಲಚ್ ಒತ್ತಿ ಎರಡು ಮೂರು ಸೆಕೆಂಡ್ ಬಿಟ್ಟು ಹಾಕಿ.

ನನಗೆ ತುಂಬ ಉಪಯೋಗಕ್ಕೆ ಬಂದಿದ್ದು ಶಬ್ದದ ಲೆಕ್ಕ. ಎಸಿ, ಹಾಡು ಎಲ್ಲ ಆಫ್ ಮಾಡಿ, ಕಿಟಕಿ ಇಳಿಸಿ, ನ್ಯೂಟ್ರಲ್‌ನಲ್ಲಿ ಇಂಜಿನ್ ಓಡಲು ಬಿಡಿ. ಕ್ಲಚ್ ಒತ್ತಿದಾಗ ಮಾತ್ರ ಗರಗರ ಅಂದರೆ ರಿಲೀಸ್ ಬೇರಿಂಗ್, ಅಂದರೆ ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸುವ ಬೇರಿಂಗ್. ಕಾಲು ತೆಗೆದಾಗ ಶಬ್ದ ಇದ್ದು ಒತ್ತಿದ ಕೂಡಲೇ ನಿಂತರೆ ಗೇರ್ ಬಾಕ್ಸಿನ ಇನ್‌ಪುಟ್ ಶಾಫ್ಟ್ (ಕ್ಲಚ್‌ನಿಂದ ಒಳಗೆ ಹೋಗುವ ದಂಡ) ಬೇರಿಂಗ್ ಕಡೆ ಅನುಮಾನ. ಸ್ಟೀರಿಂಗ್ ಪೂರ್ತಿ ತಿರುಗಿಸಿ ಗಾಡಿ ಎಳೆಯುವಾಗ ಟಕ್ ಟಕ್ ಅನ್ನುವುದು ಬೇರೆಯೇ, ಅದು ಚಕ್ರ ತಿರುಗಿಸುವ ಡ್ರೈವ್ ಶಾಫ್ಟಿನ ಜಾಯಿಂಟ್.

ರಾತ್ರಿ ಪಾರ್ಕ್ ಮಾಡುವಾಗ ಇಂಜಿನ್ ಕೆಳಗೆ ಒಂದು ರಟ್ಟು ಹಾಸಿಡಿ. ಬೆಳಗ್ಗೆ ನೀರಿನ ಗುರುತು ಇದ್ದರೆ ಎಸಿಯದು. ಜಿಡ್ಡಾದ ಎಣ್ಣೆ, ಒಂಥರಾ ಗಂಧಕದ ಕಟುವಾಸನೆ ಇದ್ದರೆ ಗೇರ್ ಆಯಿಲ್. ಹೆಚ್ಚಿನ ಸಲ ಆಯಿಲ್ ಸೀಲ್ ಹೋಗಿರುತ್ತದೆ, ಅಂಥ ದೊಡ್ಡ ಖರ್ಚಲ್ಲ. ಬದಲಾಯಿಸದೆ ಆಯಿಲ್ ಖಾಲಿಯಾಗಲು ಬಿಟ್ಟರೆ ಮಾತ್ರ ಬೇರಿಂಗು, ಗೇರು ಎಲ್ಲ ಒಂದೊಂದಾಗಿ ಹೋಗುತ್ತವೆ.

ಎಎಂಟಿ, ಅಂದರೆ ಮ್ಯಾನುಯಲ್ ಗೇರ್ ಬಾಕ್ಸನ್ನೇ ಯಂತ್ರ ತಾನಾಗಿ ಬದಲಾಯಿಸುವ ಗಾಡಿಯವರು ನಮಗೆ ಕ್ಲಚ್ಚೇ ಇಲ್ಲ ಅಂದುಕೊಳ್ಳಬೇಡಿ. ಪೆಡಲ್ ಇಲ್ಲ ಅಷ್ಟೇ, ಒಳಗೆ ಅದೇ ಪ್ಲೇಟ್ ಇದೆ. ಫ್ಲೈಓವರ್ ಏರಿನ ಟ್ರಾಫಿಕ್‌ನಲ್ಲಿ ಬ್ರೇಕ್ ಹಿಡಿಯದೆ ಆಕ್ಸಿಲರೇಟರಿನಲ್ಲೇ ಗಾಡಿ ನಿಲ್ಲಿಸಿಕೊಳ್ಳುವ ಚಾಳಿ ಇದ್ದರೆ ಪ್ಲೇಟ್ ಬೇಗ ಸುಡುತ್ತದೆ. ಟಾರ್ಕ್ ಕನ್ವರ್ಟರ್ (ಕ್ಲಚ್ ಬದಲು ಆಯಿಲ್ ಮೂಲಕ ಶಕ್ತಿ ದಾಟಿಸುವ) ಆಟೋಮ್ಯಾಟಿಕ್‌ನಲ್ಲಿ 'ಡಿ'ಗೆ ಹಾಕಿದ ಮೇಲೆ ಗಾಡಿ ಕದಲಲು ತಡವಾಗುವುದು, ಧಡ್ ಅಂತ ಎಳೆಯುವುದು, ಆಯಿಲ್ ಕಪ್ಪಾಗಿ ಸುಟ್ಟ ವಾಸನೆ ಬರುವುದು, ಇವನ್ನು ನೋಡಿ. ಸಿವಿಟಿ ಅನ್ನುವ, ಹಂತಗಳಿಲ್ಲದ ಆಟೋಮ್ಯಾಟಿಕ್‌ಗೆ ಅದರದ್ದೇ ಆಯಿಲ್, ಯಾವುದೋ ಒಂದನ್ನು ಸುರಿಯಬೇಡಿ.

ಗ್ಯಾರೇಜಿನಲ್ಲಿ "ಗೇರ್ ಪ್ರಾಬ್ಲಮ್" ಅನ್ನಬೇಡಿ. ಯಾವ ಗೇರ್, ಬಿಸಿಯಾದಾಗಲೋ ತಣ್ಣಗಿದ್ದಾಗಲೋ, ಕ್ಲಚ್ ಒತ್ತಿದಾಗಲೋ ಬಿಟ್ಟಾಗಲೋ ಅಂತ ಹೇಳಿ. ಕ್ಲಚ್ಚೇ ಹೋಗಿದ್ದರೂ ಗೇರ್ ಬಾಕ್ಸ್ ಇಳಿಸಲೇಬೇಕು, ಕೂಲಿ ಹೋಗುವುದೇ ಅದಕ್ಕೆ. ಆದ್ದರಿಂದ ಪ್ಲೇಟ್, ಅದನ್ನು ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೆ ಹಾಕಿಸಿ. ಹಳೇ ಪ್ಲೇಟ್ ಕೇಳಿ ಇಸ್ಕೊಳ್ಳಿ. ನನ್ನದರಲ್ಲಿ ಮೇಲಿನ ಪದರ ಸವೆದು, ಬೆರಳಾಡಿಸಿದರೆ ರಿವೆಟ್ಟಿನ ತಲೆಗಳು ಸಿಗುತ್ತಿದ್ದವು, ಅಂಚು ಪೂರ್ತಿ ಸುಟ್ಟು ಕಪ್ಪಾಗಿತ್ತು. ಮನೆಗೆ ತಂದು ಅಮ್ಮನಿಗೆ ತೋರಿಸಿದೆ. ಮೂಸಿ ನೋಡಿ, "ಇದೇ ಕಣೋ ಟೆಂಪೋ ವಾಸನೆ" ಅಂದರು.