ಕೋತಿ, ಹಂದಿ ಸರಿ, ಗುರುಗಳಿಗೆ ಯಾವ ಪ್ರಾಣಿ?

ಚೀನಾದವರು ವರ್ಷಕ್ಕೊಂದರಂತೆ ಲೆಕ್ಕ ಹಾಕುವ ಹನ್ನೆರಡು ಪ್ರಾಣಿಗಳಿಗೆ ಕಾದಂಬರಿಯ ಪಾತ್ರಗಳನ್ನು ಹೊಂದಿಸುವುದು ತುಂಬ ಜನ ಆಡುವ ಆಟ. ಸಾಮಾನ್ಯವಾಗಿ ಸ್ವಭಾವ ನೋಡಿ ಹೊಂದಿಸುತ್ತಾರೆ. ಸಿಡುಕನಾದರೆ ಹುಲಿ, ಪುಕ್ಕಲನಾದರೆ ಮೊಲ, ಸುಮ್ನೆ ದುಡಿಯುವವನಾದರೆ ಎತ್ತು. ಹೀಗೆ ಹೊರಟರೆ ಯಾರಿಗೆ ಯಾವ ಪ್ರಾಣಿ ಬೇಕಾದರೂ ಒಪ್ಪುತ್ತದೆ. ಹಾಗಾಗಿ ನನಗೆ ಅದು ರುಚಿಸಲಿಲ್ಲ.

ನಾನು ಹಿಡಿದದ್ದು ನಮ್ಮ ಜಾತಕ ನೋಡುವವರ ದಾರಿ. ಮದುವೆಗೆ ಯೋನಿಕೂಟ, ಅಂದರೆ ನಕ್ಷತ್ರಕ್ಕೊಂದರಂತೆ ಇರುವ ಪ್ರಾಣಿಗಳ ಹೊಂದಿಕೆ, ನೋಡುವಾಗ ಹುಡುಗನದು ಇಲಿ ಅಂತಷ್ಟೇ ತಿಳಿದರೆ ಏನೂ ಹೇಳಲಾಗದು. ಹುಡುಗಿಯದು ಬೆಕ್ಕು ಅಂತ ಗೊತ್ತಾದ ಮೇಲೆ ತಾನೇ ಮಾತು ಶುರುವಾಗುವುದು? ಚೀನಾದ ಪ್ರಾಣಿಗಳಲ್ಲೂ ಇದೇ ಕಥೆ. ಯಾರಿಗೆ ಯಾರು ಮಿತ್ರ, ಯಾರಿಗೆ ಯಾರು ಆಗಿಬರೋದಿಲ್ಲ ಅನ್ನುವುದಕ್ಕೆ ಪಕ್ಕಾ ನಿಯಮಗಳಿವೆ. ಪಾತ್ರಗಳ ಗುಣ ಬಿಟ್ಟು, ಅವರವರ ನಡುವಿನ ಜಗಳ, ಸ್ನೇಹಗಳನ್ನು ಆ ನಿಯಮಗಳ ಪಕ್ಕ ಇಟ್ಟು ನೋಡಿದೆ.

ಆರಿಸಿಕೊಂಡದ್ದು ‘ಪಶ್ಚಿಮ ಯಾತ್ರೆ’. 1592ರಲ್ಲಿ ನಾನ್‌ಜಿಂಗ್‌ನಲ್ಲಿ ಅಚ್ಚಾದ ನೂರು ಅಧ್ಯಾಯಗಳ ಕಾದಂಬರಿ. ಪುಲಕೇಶಿಯ ಪಾಠದಲ್ಲಿ ನಾವೆಲ್ಲ ಓದಿದ ಹ್ಯೂಯೆನ್‌ತ್ಸಾಂಗ್‌ನೇ ಇದರಲ್ಲಿ ಗುರು. ಭಾರತದಿಂದ ಬೌದ್ಧ ಗ್ರಂಥಗಳನ್ನು ತರಲು ಹೊರಟ ಅವನ ಜೊತೆ ಮೂವರು ಶಿಷ್ಯರು, ಒಂದು ಬಿಳಿ ಕುದುರೆ. ಹನ್ನೆರಡು ಪ್ರಾಣಿಗಳೂ ಈ ಕಥೆಯಲ್ಲಿ ಎಲ್ಲಾದರೂ ಒಂದು ಕಡೆ ಬಂದೇ ಬರುತ್ತವೆ. ನೀವೂ ಮಾಡುವುದಾದರೆ ಪೂರ್ತಿ ಅನುವಾದವನ್ನೇ ಹಿಡಿಯಿರಿ. 1942ರ ಹೆಸರುವಾಸಿ ಸಂಕ್ಷಿಪ್ತ ಇಂಗ್ಲಿಷ್ ಅನುವಾದದಲ್ಲಿ ನನಗೆ ಬೇಕಾದ 27ನೇ ಅಧ್ಯಾಯವೇ ಇಲ್ಲ.

ನಿಯಮಗಳನ್ನು ನೆನಪಿಡಲು ಒಂದು ಗಡಿಯಾರ ಬರೆದುಕೊಂಡೆ. 12ರ ಜಾಗದಲ್ಲಿ ಇಲಿ. ಆಮೇಲೆ 1ರಿಂದ ಎತ್ತು, ಹುಲಿ, ಮೊಲ, ಡ್ರ್ಯಾಗನ್, ಹಾವು, ಕುದುರೆ, ಆಡು, ಕೋತಿ, ಹುಂಜ, ನಾಯಿ, 11ಕ್ಕೆ ಹಂದಿ. ಎದುರುಬದುರು ಕೂತವರು ಬದ್ಧವೈರಿಗಳು. ನಾಲ್ಕು ನಾಲ್ಕು ಮನೆ ದಾಟಿದರೆ ಬರುವ ಮೂವರು ಒಂದು ಗುಂಪು. 12ರಿಂದ 1ಕ್ಕೆ, 11ರಿಂದ 2ಕ್ಕೆ, 10ರಿಂದ 3ಕ್ಕೆ ಹೀಗೆ ಅಡ್ಡಗೆರೆ ಎಳೆಯುತ್ತಾ ಬಂದರೆ ಆಪ್ತ ಜೋಡಿಗಳು ಸಿಗುತ್ತವೆ. ಈ ಅಡ್ಡಗೆರೆಗಳನ್ನು ನೇರವಾಗಿ ಕತ್ತರಿಸುವ ಹಾಗೆ 12ರಿಂದ 7ಕ್ಕೆ, 11ರಿಂದ 8ಕ್ಕೆ ಎಳೆದರೆ ಒಳಗೊಳಗೇ ಕೆಡುಕು ಮಾಡುವ ಜೋಡಿಗಳು. ಅವರದು ಎದುರಾಳಿ ವೈರವಲ್ಲ, ಕಿರಿಕಿರಿ, ಚಾಡಿ, ಕಾಲೆಳೆಯುವುದು.

ಪಕ್ಕದ ಹಾಳೆಯಲ್ಲಿ ಕಾದಂಬರಿಯ ಘಟನೆಗಳು. ಯಾರು ಯಾರ ಪರ ಮಾತಾಡಿದರು, ಯಾರು ಯಾರ ಮೇಲೆ ದೂರು ಹೇಳಿದರು ಅನ್ನುವುದಷ್ಟನ್ನೇ ಬರೆದುಕೊಂಡೆ. ಯುದ್ಧಗಳನ್ನು ಬಿಟ್ಟುಬಿಟ್ಟೆ. ಈ ಪುಸ್ತಕದಲ್ಲಿ ಯುದ್ಧಗಳು ವಿಪರೀತ ಜಾಸ್ತಿ, ಎಲ್ಲ ಒಂದೇ ಥರ.

ಶಿಷ್ಯರಲ್ಲಿ ಇಬ್ಬರದು ಸುಲಭ. ಸುನ್ ವುಕಾಂಗ್ ಕೋತಿ, ಝು ಬಾಜಿಯೆ ಹಂದಿ. ತಮಾಷೆ ಅಂದರೆ, 3ನೇ ಅಧ್ಯಾಯದಲ್ಲಿ ಯಮಲೋಕದ ಗುಮಾಸ್ತರಿಗೂ ವುಕಾಂಗ್‌ನನ್ನು ಯಾವ ಪಟ್ಟಿಗೆ ಸೇರಿಸಬೇಕು ಅಂತ ಗೊತ್ತಾಗಿರುವುದಿಲ್ಲ. ರೋಮವಿರುವ ಪ್ರಾಣಿಗಳ ಪಟ್ಟಿಯಲ್ಲಿಲ್ಲ, ಹಕ್ಕಿಗಳದ್ದರಲ್ಲಿಲ್ಲ, ಹುಳುಗಳದ್ದರಲ್ಲಿಲ್ಲ. ಕೊನೆಗೆ ಅವನಿಗೇ ಅಂತ ಇರುವ ಬೇರೆ ಖಾತೆಯಲ್ಲಿ 1350ನೇ ನಂಬರಿನಲ್ಲಿ ಹೆಸರು ಸಿಗುತ್ತದೆ, ಆಯಸ್ಸು 342 ವರ್ಷ. ಅವನು ಅದನ್ನು ಮಸಿ ಬಳಿದು ಅಳಿಸಿಹಾಕುತ್ತಾನೆ.

ಬಿಳಿ ಕುದುರೆ ನಿಜಕ್ಕೂ ಪಶ್ಚಿಮ ಸಮುದ್ರದ ಡ್ರ್ಯಾಗನ್ ರಾಜನ ಮಗ. ಡ್ರ್ಯಾಗನ್ನೋ ಕುದುರೆಯೋ? ಈ ಪದ್ಧತಿಯಲ್ಲಿ ಪ್ರತಿ ಪ್ರಾಣಿಗೂ ಮರ, ಬೆಂಕಿ, ಮಣ್ಣು, ಲೋಹ, ನೀರು ಅನ್ನುವ ಐದು ತತ್ವಗಳಲ್ಲಿ ಒಂದಿರುತ್ತದೆ. ಕುದುರೆಯದು ಬೆಂಕಿ. ಈ ರಾಜಕುಮಾರ ಮಾಡಿದ ಅಪರಾಧ ಅರಮನೆಯ ಮುತ್ತಿಗೆ ಬೆಂಕಿ ಹಚ್ಚಿದ್ದು! ಕುದುರೆ ಅಂತ ಬರೆದುಕೊಂಡೆ.

ಮೂರನೇ ಶಿಷ್ಯ ಶಾ ಸನ್ಯಾಸಿಯನ್ನು ಎಲ್ಲರೂ ಎತ್ತು ಅನ್ನುತ್ತಾರೆ, ಹೊರೆ ಹೊರುತ್ತಾನೆ ಅಂತ. ಅದು 1986ರ ಟಿವಿ ಸರಣಿ ಹಬ್ಬಿಸಿದ ಕಲ್ಪನೆ. ಪುಸ್ತಕದಲ್ಲಿ ಹೊರೆ ಹೊರುವವನು ಹಂದಿ. ಕೊನೆಯಲ್ಲಿ ಬುದ್ಧ ಪದವಿ ಹಂಚುವಾಗಲೂ ಬಾಜಿಯೆಗೆ ಹೊರೆ ಹೊತ್ತ ಪುಣ್ಯ, ಶಾಗೆ ಕುದುರೆ ಹಿಡಿದು ನಡೆಸಿದ ಪುಣ್ಯ. ಕಾದಂಬರಿ ಅವನನ್ನು ಮಣ್ಣಿನ ತತ್ವಕ್ಕೆ ಸೇರಿಸುತ್ತದೆ. ಮಣ್ಣಿನ ಪ್ರಾಣಿಗಳು ನಾಲ್ಕು: ಎತ್ತು, ಡ್ರ್ಯಾಗನ್, ಆಡು, ನಾಯಿ. ಎತ್ತಿನ ಜಾಗದಲ್ಲಿ ವೃಷಭ ರಾಕ್ಷಸ ಆಗಲೇ ಕೂತಿದ್ದಾನೆ. ಗುರುವನ್ನು ಬಿಟ್ಟು ಕದಲದ ಈ ಮಿತಭಾಷಿಗೆ ನಾಯಿಯೇ ಸರಿ.

ಉಳಿದದ್ದು ಗುರು. ನಿಜವಾದ ತಲೆನೋವು ಇದೇ. ಚರಿತ್ರೆಯ ಹ್ಯೂಯೆನ್‌ತ್ಸಾಂಗ್ 602ರಲ್ಲಿ ಹುಟ್ಟಿದ ಅಂದರೆ ನಾಯಿ ವರ್ಷ. ಕೆಲವರು ಹೇಳುವಂತೆ 600 ಅಂದರೆ ಕೋತಿ ವರ್ಷ! ಅದನ್ನು ಪಕ್ಕಕ್ಕಿಟ್ಟೆ. ಕಾದಂಬರಿಯ ಗುರು ಬೇರೆಯೇ ಆಸಾಮಿ. ಮಾತು ಮಾತಿಗೆ ಅಳುತ್ತಾನೆ, ಎಲೆ ಅಲುಗಿದರೂ ಕುದುರೆಯಿಂದ ಬೀಳುತ್ತಾನೆ. ಸ್ವಭಾವ ನೋಡಿದರೆ ಮೊಲ, ಇಲ್ಲವೇ ಆಡು. ಆದರೆ ಗಡಿಯಾರದಲ್ಲಿ ಇಟ್ಟು ನೋಡಿದರೆ ಮೊಲಕ್ಕೂ ಆಡಿಗೂ ಕೋತಿಯ ಜೊತೆ ಯಾವ ದೊಡ್ಡ ವೈರವೂ ಇಲ್ಲ. ಗುರುವಿಗೂ ವುಕಾಂಗ್‌ಗೂ ಜಗಳವಿಲ್ಲದ ‘ಪಶ್ಚಿಮ ಯಾತ್ರೆ’ ಎಂಥದ್ದು?

ಅದಕ್ಕೇ 27ನೇ ಅಧ್ಯಾಯಕ್ಕೆ ಹೋದೆ. ಎಲುಬಿನ ರಾಕ್ಷಸಿ ಮೊದಲು ಊಟ ತಂದ ಹುಡುಗಿಯಾಗಿ, ಆಮೇಲೆ ಅವಳ ಮುದುಕಿ ತಾಯಿಯಾಗಿ, ಕೊನೆಗೆ ಮುದುಕ ತಂದೆಯಾಗಿ ಬರುತ್ತಾಳೆ. ಮೂರು ಸಲವೂ ವುಕಾಂಗ್ ಗುರುತು ಹಿಡಿದು ಹೊಡೆಯುತ್ತಾನೆ. ಮೂರು ಸಲವೂ ಹಂದಿ ಗುರುವಿನ ಕಿವಿ ಕಚ್ಚುತ್ತಾನೆ: ಇವನು ಕೊಂದದ್ದು ಮನುಷ್ಯರನ್ನೇ, ತಲೆಯ ಪಟ್ಟಿ ಬಿಗಿಯುವ ನಿಮ್ಮ ಮಂತ್ರದ ಶಿಕ್ಷೆ ತಪ್ಪಿಸಿಕೊಳ್ಳಲು ಮಾಯೆ ಮಾಡುತ್ತಿದ್ದಾನೆ. ಗುರು ನಂಬುತ್ತಾನೆ, ವುಕಾಂಗ್‌ನನ್ನು ಹೊರಹಾಕುವ ಕಾಗದವನ್ನೇ ಬರೆದು ಕೊಡುತ್ತಾನೆ. ಹೊರಡುವ ಮುಂಚೆ ವುಕಾಂಗ್ ನಮಸ್ಕಾರ ಮಾಡಲು ಹೋದರೆ ಗುರು ಮುಖ ತಿರುಗಿಸುತ್ತಾನೆ. ಆಗ ಅವನು ತಲೆಯ ಹಿಂದಿನ ಮೂರು ಕೂದಲು ಕಿತ್ತು ತನ್ನಂಥ ಮೂವರನ್ನು ಮಾಡಿ, ನಾಲ್ಕೂ ದಿಕ್ಕಿನಿಂದ ಅಡ್ಡಬೀಳುತ್ತಾನೆ. ಗುರು ಯಾವ ಕಡೆ ತಿರುಗಿದರೂ ನಮಸ್ಕಾರ ತಪ್ಪುವಂತಿಲ್ಲ. ಹಂದಿಯ ಮಾತಿನ ಬಗ್ಗೆ ಹುಷಾರು ಅಂತ ಹೇಳಿ ಹೋಗುವುದು ಶಾಗೆ.

ಇದನ್ನು ಗಡಿಯಾರದ ಮೇಲೆ ಇಡಿ. ಕೋತಿಗೂ ಹಂದಿಗೂ (8, 11) ಒಳಕೆಡುಕಿನ ಗೆರೆ ಇದ್ದೇ ಇದೆ. ಹಾಗಾದರೆ ಹಂದಿಗೆ ಆಪ್ತ, ಕೋತಿಗೆ ಎದುರಾಳಿ, ಕುದುರೆ ಮತ್ತು ನಾಯಿಯ ಗುಂಪಿನವನು ಯಾರು? ಮೂರಕ್ಕೂ ಹೊಂದುವ ಮನೆ ಒಂದೇ, 2. ಹುಲಿ.

ಆ ಅಳುಬುರುಕ ಸನ್ಯಾಸಿ ಹುಲಿಯಾ ಅಂತ ನಗು ಬರುತ್ತದೆ, ನಿಜ. ಆದರೆ ಮೂರು ಅಧ್ಯಾಯ ಮುಂದೆ, 30ರಲ್ಲಿ, ಹಳದಿ ನಿಲುವಂಗಿಯ ರಾಕ್ಷಸ ಮಂತ್ರ ಹಾಕಿ ಗುರುವನ್ನು ಏನು ಮಾಡುತ್ತಾನೆ ಗೊತ್ತಾ? ಹುಲಿ ಮಾಡಿ ಪಂಜರಕ್ಕೆ ಹಾಕಿಸುತ್ತಾನೆ. ಕೋತಿ ಊರು ಬಿಟ್ಟಾಗಿದೆ, ನಾಯಿ ಸೆರೆಯಲ್ಲಿದ್ದಾನೆ. ಆಗ ಮಾತಾಡುವವನು ದಾರಿಯುದ್ದಕ್ಕೂ ಬಾಯಿ ಬಿಡದ ಕುದುರೆ. ಒಂಟಿಯಾಗಿ ರಾಕ್ಷಸನ ಮೇಲೆ ಹೋಗಿ ಕಾಲಿಗೆ ಪೆಟ್ಟು ತಿಂದು ಬಂದು, ಹಂದಿಯ ಬಟ್ಟೆಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ವುಕಾಂಗ್‌ನನ್ನು ಕರೆತಾ ಅಂತ ಬೇಡುತ್ತದೆ. ಹುಲಿಗಾಗಿ ಕುದುರೆ ಹಂದಿಯನ್ನು ಕಳಿಸುತ್ತದೆ. ಇಲ್ಲಿಗೆ ಬಂದಾಗ ಪೆನ್ನು ಕೆಳಗಿಟ್ಟು ಕಾಫಿ ಮಾಡಿಕೊಂಡೆ. ಲೇಖಕ ಇದನ್ನೆಲ್ಲ ಲೆಕ್ಕ ಹಾಕಿಯೇ ಬರೆದ ಅಂತ ನಾನು ವಾದಿಸುವುದಿಲ್ಲ. ಆದರೆ ಐವರ ತತ್ವಗಳನ್ನು ಸಾಲಾಗಿ ಬರೆದರೆ ಕೋತಿ ಲೋಹ, ಹಂದಿ ನೀರು, ಹುಲಿ ಮರ, ಕುದುರೆ ಬೆಂಕಿ, ನಾಯಿ ಮಣ್ಣು. ಐದಕ್ಕೆ ಐದೂ, ಒಂದೂ ಮರುಕಳಿಸದೆ.

ಕಾದಂಬರಿ ಬಲ್ಲವರು ಇಲ್ಲಿ ತಕರಾರು ತೆಗೆಯಬಹುದು. 19ನೇ ಅಧ್ಯಾಯದ ಪದ್ಯದಲ್ಲಿ ಹಂದಿಯನ್ನು ಮರ ಅಂತಲೇ ಕರೆದಿದೆ, ಲೋಹ ಮರವನ್ನು ಗೆಲ್ಲುತ್ತದೆ ಅಂತ. ಸರಿಯೇ. ಆದರೆ ಅದೇ ಪದ್ಧತಿಯಲ್ಲಿ ಮರದ ಹುಟ್ಟು ಹಂದಿಯ ಮನೆಯಲ್ಲಿ. ಹುಲಿ ಹಂದಿ ಜೋಡಿಯಾದಾಗ ಆಗುವುದೂ ಮರವೇ. ನನಗೆ ಅಷ್ಟು ಸಾಕು.

ಐವರ ಆಚೆ ಹೋದರೆ ಲೆಕ್ಕ ಅರ್ಧಂಬರ್ಧ. 93ರಿಂದ 95ರವರೆಗೆ ಭಾರತದ ರಾಜಕುಮಾರಿಯ ವೇಷದಲ್ಲಿ ಬರುವುದು ಚಂದ್ರನ ಮೊಲ. ಮೊಲ, ಹಂದಿ ಒಂದೇ ಗುಂಪು. ಮೊಲವನ್ನು ಕರೆದೊಯ್ಯಲು ಚಂದ್ರಲೋಕದವರು ಬಂದಾಗ ಬಾಜಿಯೆ ಹಾರಿ ಹೋಗಿ ಅವರಲ್ಲೊಬ್ಬ ಅಪ್ಸರೆಯನ್ನು ತಬ್ಬಿಕೊಳ್ಳುತ್ತಾನೆ, ನಾವು ಹಳೇ ಪರಿಚಯ ಅಂತ. ಇದನ್ನು ಹೊಂದಿಕೆ ಅನ್ನಬೇಕೋ ಬೇಡವೋ ನೀವೇ ಹೇಳಿ. ಚೇಳಿನ ರಾಕ್ಷಸಿಯನ್ನು ಎರಡೇ ಕೂಗಿಗೆ ಕೊಲ್ಲುವ ಹುಂಜ ನಮ್ಮ ಕೃತ್ತಿಕೆಯ ದೇವತೆ. ನಮ್ಮ ಯೋನಿಕೂಟದಲ್ಲಿ ಕೃತ್ತಿಕೆಗೆ ಆಡು, ಅವರಲ್ಲಿ ಹುಂಜ. ಎರಡು ಪದ್ಧತಿ ಬೆರೆಸಬೇಡಿ, ತಲೆ ಕೆಡುತ್ತದೆ.

ಪೂರ್ತಿ ಕೈಕೊಟ್ಟದ್ದು ಇಲಿ. ನಿಯಮದ ಪ್ರಕಾರ ಇಲಿಯೂ ಕೋತಿಯೂ ಒಂದೇ ಗುಂಪು. ಆದರೆ 80ರ ನಂತರ ಬರುವ ಬಿಳಿ ಇಲಿಯ ರಾಕ್ಷಸಿ ಗುರುವನ್ನು ಮದುವೆಯಾಗಲು ಹೊತ್ತೊಯ್ಯುತ್ತಾಳೆ. ವುಕಾಂಗ್ ಪೀಚ್ ಹಣ್ಣಾಗಿ ಅವಳ ಹೊಟ್ಟೆಗಿಳಿದು ಒಳಗಿಂದ ಒದೆಯುತ್ತಾನೆ. ಎಷ್ಟು ಎಳೆದರೂ ಇದು ಸ್ನೇಹ ಆಗಲಿಲ್ಲ. ಇಲಿಯ ಮುಂದೆ ಅಡ್ಡಗೀಟು ಹಾಕಿ ಬಿಟ್ಟಿದ್ದೇನೆ.